ಚಂದವ್ವನ ಪರವಾಗಿ ಮಾತಾಡುವವನು

ಗೋವಾದ ವಾಸ್ಕೋದಲ್ಲಿ, ಮಂಗೋರ್ ಹಿಲ್‌ನಲ್ಲಿ ನಮ್ಮ ಮನೆ ಎಲ್ಲಿ ಎಂದು ಕೇಳಿದರೆ ರಿಕ್ಷಾದವರು "ವೃದ್ಧಾಶ್ರಮ ಏನ್ರಿ?" ಎನ್ನುತ್ತಾರೆ. ಚಂದವ್ವನ ಎದುರು ಆ ಮಾತಾಡಿದವರು ಬೈಸಿಕೊಳ್ಳದೆ ಹೋದದ್ದಿಲ್ಲ. "ಆಶ್ರಮ ಅಂದ್ರ ಗಂಟಿ ಹೊಡದಾಗ ಉಣ್ಣೂದು, ಗಂಟಿ ಹೊಡದಾಗ ಮಲಗೂದು. ಇದು ನನ್ನ ಖೋಲಿ. ಕೀಲಿ ನನ್ನ ಕಡೆ ಐತಿ, ನೋಡಿಲ್ಲಿ!" ಎಂದು ಸೆರಗಿನ ತುದಿಗೆ ಗಂಟು ಹಾಕಿದ್ದ ಕೀಲಿಯನ್ನು ಅವರ ಮೂಗಿನ ಹತ್ತಿರ ಹಿಡಿಯುತ್ತಿದ್ದಳು.

ಅವಳು ಹೇಳುತ್ತಿದ್ದುದು ನಿಜ. ಇಲ್ಲಿ ಹನ್ನೊಂದು ಖೋಲಿಗಳಿವೆ, ಅವಳಿದ್ದಾಗ ಹನ್ನೊಂದು ಜನರಿದ್ದರು. ಎಲ್ಲರೂ ಬಸ್ ಸ್ಟ್ಯಾಂಡು, ರೈಲ್ವೆ ಪ್ಲಾಟ್‌ಫಾರ್ಮು, ಮಾರ್ಕೆಟ್ಟಿನ ಕಟ್ಟೆಗಳ ಮೇಲೆ ವರ್ಷಗಟ್ಟಲೆ ಮಲಗಿ ಮುದುಕರಾದವರು. ಒಂದು ಟ್ರಸ್ಟಿನವರು ಈ ಕಟ್ಟಡವನ್ನು ಬಾಡಿಗೆಗೆ ಹಿಡಿದು ಒಬ್ಬೊಬ್ಬರಿಗೆ ಒಂದೊಂದು ಖೋಲಿ ಕೊಟ್ಟಿದ್ದಾರೆ. ಎಲ್ಲಿಗೆ ಹೊರಟೆ, ಯಾವಾಗ ಬಂದೆ ಎಂದು ಯಾರೂ ಕೇಳುವಂತಿಲ್ಲ. ಔಷಧಿ, ಆಸ್ಪತ್ರೆ, ಕಾಗದಪತ್ರ, ಜಗಳ, ಇಷ್ಟನ್ನು ನೋಡಿಕೊಳ್ಳಲು ನಾನಿದ್ದೇನೆ. ನನ್ನ ಹೆಸರು ಜಯಶ್ರೀ, ಧಾರವಾಡದವಳು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಚಂದವ್ವನ ವಿಷಯದಲ್ಲಿ ತಪ್ಪು ಮಾಡಿದವಳು ನಾನು, ನನ್ನಿಂದ ಬೈಸಿಕೊಂಡವರು ಬೇರೆಯವರು.

ಚಂದವ್ವ ಸಿಂದಗಿ ಕಡೆಯವಳು. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನ ಜೊತೆ ಗೋವಾಕ್ಕೆ ಗಾರೆ ಕೆಲಸಕ್ಕೆ ಬಂದಳು. ಮೂರನೆಯ ವರ್ಷಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಊರಿಗೆ ಹೋಗಿ ಅತ್ತು ಕೂರುವ ಜಾತಿಯವಳಲ್ಲ. ತಮ್ಮ ಅಪ್ಪಾಸಾಬನನ್ನು ಇಲ್ಲಿಗೆ ಕರೆಸಿಕೊಂಡು ಸಾಕಿದಳು, ಲಗ್ನ ಮಾಡಿದಳು. ವಾಸ್ಕೋದ ಪಕ್ಕದ ಸಡಾ ಗುಡ್ಡದ ಮೇಲೆ ಅವನು ಮನೆ ಕಟ್ಟುವಾಗ ರಜೆಯ ದಿನವೆಲ್ಲ ಕಲ್ಲು ಹೊತ್ತಳು. ವರ್ಷಗಟ್ಟಲೆ ಕುಡಿದ ಸಿಮೆಂಟ್ ಧೂಳು ಕೊನೆಗೆ ಎದೆಯೊಳಗೆ ಕೂತು ಅವಳಿಗೆ ಬುಟ್ಟಿ ಹೊರುವುದು ಆಗದಂತಾಯಿತು. ಆಗ ತಮ್ಮನ ಹೆಂಡತಿ ಏನೋ ಒಂದು ಮಾತಂದಳಂತೆ, ತಮ್ಮ ಕೇಳಿಯೂ ಸುಮ್ಮನಿದ್ದನಂತೆ. ಆ ಮಾತು ಯಾವುದು ಎಂದು ಚಂದವ್ವ ನನಗೆ ಎಂದೂ ಹೇಳಲಿಲ್ಲ. ಒಂದು ಗಂಟು ಕಟ್ಟಿಕೊಂಡು ಗುಡ್ಡ ಇಳಿದವಳು ವಾಸ್ಕೋದ ಮೀನು ಮಾರ್ಕೆಟ್ಟಿನ ಕಟ್ಟೆಯ ಮೇಲೆ ಒಂಬತ್ತು ವರ್ಷ ಕಳೆದಳು. ಜೋಳದ ರೊಟ್ಟಿ, ಪುಂಡಿಪಲ್ಲೆ ತಿಂದು ಬೆಳೆದ ಹೆಣ್ಣು ಗಿರಾಕಿಗಳಿಗೆ ಮೀನು ಹೆಚ್ಚಿಕೊಟ್ಟು ಹೊಟ್ಟೆ ಹೊರೆದಳು. ಯಾರ ಮುಂದೆಯೂ ಕೈ ಚಾಚಲಿಲ್ಲ.

ಉಸ್ಮಾನ ಅವಳಿಗೆ ಸಿಕ್ಕಿದ್ದು ಆ ಕಟ್ಟೆಯ ಮೇಲೆ. ಸವಣೂರಿನವನು, ಬಂದರಿನಲ್ಲಿ ಮೂಟೆ ಹೊತ್ತು ಬೆನ್ನು ಕೆಟ್ಟ ಮೇಲೆ ಮಾರ್ಕೆಟ್ಟಿನ ಎದುರು ಕೊಡೆ ರಿಪೇರಿ ಮಾಡುತ್ತಿದ್ದ. ಬೀದಿಯಲ್ಲಿ ಮಲಗುವವರಲ್ಲಿ ಒಂದು ಪದ್ಧತಿಯಿದೆ, ಇಬ್ಬರೂ ಒಟ್ಟಿಗೆ ಕಣ್ಣು ಮುಚ್ಚುವುದಿಲ್ಲ. ಒಬ್ಬರು ಮಲಗಿದಾಗ ಇನ್ನೊಬ್ಬರು ಕಾಯಬೇಕು, ಗಂಟು ಕಾಯಬೇಕು, ಹೆಂಗಸಾದರೆ ಮಾನವನ್ನೂ ಕಾಯಬೇಕು. ಅವನು ಅವಳಿಗೆ ಅಕ್ಕ ಎನ್ನುತ್ತಿದ್ದ, ಅವಳು ಅವನಿಗೆ ಬೈಗುಳದಲ್ಲೇ ಉತ್ತರ ಕೊಡುತ್ತಿದ್ದಳು. ಇಬ್ಬರೂ ಒಂದೇ ದಿನ ನಮ್ಮ ಮನೆಗೆ ಬಂದರು. ಬಾಗಿಲು, ಚಿಲಕ ಎಲ್ಲ ಇದ್ದರೂ ಮೊದಲ ತಿಂಗಳು ಉಸ್ಮಾನ ಅವಳ ಖೋಲಿಯ ಹೊರಗೆ ಕೂತೇ ಇರುತ್ತಿದ್ದ. "ನಿನ್ನ ಹೆಣಾ ಎತ್ಲಿ, ಹೋಗಿ ಮಲ್ಕೋ! ಇಲ್ಲಿ ನನ್ನ ಕದಿಯಾಕ ಯಾವ ರಾಜಾ ಬರತಾನ?" ಎಂದು ಅವಳು ಒಳಗಿನಿಂದ ಬೈಯುತ್ತಿದ್ದಳು.

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಶ್ವೇತಾ ಡಾಕ್ಟರು ಒಂದು ಹೊಸ ಕೆಲಸ ತಂದರು. ಅವರು ಬೆಳಗಾವಿಯವರು, ಗುರುವಾರಕ್ಕೊಮ್ಮೆ ಬಂದು ಎಲ್ಲರ ಎದೆ, ಬಿಪಿ ನೋಡಿಹೋಗುತ್ತಾರೆ. ಪ್ರತಿಯೊಬ್ಬರಿಂದಲೂ ಒಂದು ಕಾಗದ ತುಂಬಿಸಬೇಕಿತ್ತು. ನಾಳೆ ಮೈಮೇಲೆ ಎಚ್ಚರವಿಲ್ಲದ ಕಾಯಿಲೆ ಬಂದರೆ ಏನು ಮಾಡಬೇಕು, ಏನು ಮಾಡಬಾರದು, ಗಂಟಲಿಗೆ ಪೈಪು ಇಳಿಸಿ ಮಷೀನಿನಿಂದ ಉಸಿರಾಡಿಸಬೇಕೋ ಬೇಡವೋ. ಕೊನೆಗೆ, ರೋಗಿಗೆ ಮಾತು ನಿಂತಾಗ ಡಾಕ್ಟರು ಯಾರನ್ನು ಕೇಳಬೇಕು ಎಂದು ಒಂದು ಹೆಸರು.

ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. "ಬಿಡ್ತು ಅನ್ರಿ ಡಾಕ್ಟರಬಾಯಿ, ಮುಂಜಮುಂಜಾನಿ ಎಂಥಾ ಮಾತು!" ಎಂದು ರೂಪಲಪ್ಪಜ್ಜ ಎದ್ದೇ ಹೋದ. ಇಂಗ್ಲಿಷಿನ ಕಾಗದ ಓದಿ ಓದಿ ಕನ್ನಡಕ್ಕೆ ತರುತ್ತಿದ್ದವಳು ನಾನು. ಎರಡು ಗಂಟೆ ಕಳೆದರೂ ಒಂದು ಕಾಗದವೂ ತುಂಬಲಿಲ್ಲ. ನನಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಒಂದು ಉಪಾಯವೂ ಬಂತು.

"ಅಲ್ರೀ, ಇಷ್ಟ ಹೇಳ್ರಿ ಸಾಕು. ಕಡೀಗಾಲಕ್ಕ ನಿಮ್ಮ ಬಾಯಾಗ ನೀರ ಬಿಡೋರು ಯಾರು? ಆ ಹೆಸರ ಹೇಳ್ರಿ, ಮುಂದಿಂದೆಲ್ಲಾ ಅವರನ್ನ ಕೇಳತಾರ" ಎಂದೆ.

ಅಷ್ಟೇ ಸಾಕಾಯಿತು. ಆ ಮಾತು ಎಲ್ಲರಿಗೂ ತಿಳಿಯಿತು. ಅರ್ಧ ಗಂಟೆಯಲ್ಲಿ ಹನ್ನೊಂದು ಹೆಸರು ಬಂದವು. ಹೊರಗೆ ಹೋಗಿದ್ದ ರೂಪಲಪ್ಪಜ್ಜನೂ ಬಾಗಿಲಲ್ಲಿ ನಿಂತು ಮಗನ ಹೆಸರು ಕೂಗಿದ. ಆ ಮಗನನ್ನು ಅವನು ನೋಡಿ ಹದಿನಾಲ್ಕು ವರ್ಷವಾಗಿತ್ತು. ಚಂದವ್ವ ತಮ್ಮ ಅಪ್ಪಾಸಾಬನ ಹೆಸರು ಹೇಳಿದಳು. ಪೈಪು, ಮಷೀನಿನ ಪ್ರಶ್ನೆಗಳ ಮುಂದೆಲ್ಲ ನಾನೇ 'ಇವರನ್ನು ಕೇಳಿ ಮಾಡುವುದು' ಎಂದು ಬರೆದುಬಿಟ್ಟೆ. ಶ್ವೇತಾ ಡಾಕ್ಟರು "ಇಷ್ಟ ಗಡಿಬಿಡಿ ಬ್ಯಾಡ್ರಿ ಜಯಶ್ರೀ ಅವರ, ಒಬ್ಬೊಬ್ಬರ ಜೋಡಿ ಕುಂತು ಮಾತಾಡೂಣು" ಎಂದರು. ಕೇಳುವವರು ಯಾರು? ನನ್ನ ಬೆನ್ನು ನಾನೇ ತಟ್ಟಿಕೊಂಡು ಕಾಗದಗಳನ್ನು ಫೈಲಿಗೆ ಹಾಕಿದೆ.

ಆಷಾಢದಲ್ಲಿ ಚಂದವ್ವನ ಉಸಿರು ಕೆಟ್ಟಿತು. ಒಂದು ಮಾತು ಆಡಿ ಮುಗಿಸುವಷ್ಟು ಗಾಳಿಯೂ ಎದೆಯಲ್ಲಿರಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯವರು ಸಂಬಂಧಿಕರು ಯಾರು ಎಂದು ಕೇಳಿದಾಗ ನಾನು ಹೆಮ್ಮೆಯಿಂದ ಫೈಲು ಬಿಚ್ಚಿ ಕಾಗದ ಕೊಟ್ಟೆ. ಅಪ್ಪಾಸಾಬ ಬಂದ. ಗಾಜಿನಾಚೆ ಅಕ್ಕನನ್ನು ನೋಡಿ ಹೋ ಎಂದು ಅತ್ತ. "ಏನ್ ಬೇಕಾದ್ದ ಮಾಡ್ರಿ ಸಾಹೇಬ್ರ, ನಮ್ಮಕ್ಕನ್ನ ಉಳಸ್ರಿ" ಎಂದು ಕೇಳಿದಲ್ಲೆಲ್ಲ ಸಹಿ ಹಾಕಿ ಹೋದ. ಉಸ್ಮಾನ ಹದಿನಾಲ್ಕು ದಿನವೂ ಗೇಟಿನ ಹತ್ತಿರ ನಿಂತಿದ್ದ. ಕಾವಲಿನವನು ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದನಂತೆ, ನೀನು ಪೇಷಂಟಿಗೆ ಏನಾಗಬೇಕು ಎಂದು. ಅಕ್ಕ ಎಂದರೆ ಅವನು ನಗುತ್ತಿದ್ದನಂತೆ.

ಚಂದವ್ವ ಬದುಕಿ ಬಂದಳು. ಅವಳನ್ನು ಉಳಿಸಿದವರನ್ನು ನಾನು ದೂರುವುದಿಲ್ಲ, ಅವರ ಕೆಲಸ ಅವರು ಮಾಡಿದರು. ಆದರೆ ಖೋಲಿಗೆ ಬಂದು ಕೂತವಳು ನೀರನ್ನೂ ಕೇಳದೆ ಎರಡು ಮಣಿಕಟ್ಟುಗಳನ್ನು ನನ್ನ ಮುಂದೆ ಹಿಡಿದಳು. ಪೈಪು ಕಿತ್ತುಕೊಳ್ಳದಿರಲಿ ಎಂದು ಕೈಗಳನ್ನು ಮಂಚಕ್ಕೆ ಕಟ್ಟಿದ್ದ ಗುರುತು ಅಲ್ಲಿತ್ತು.

"ಒಂಬತ್ತ ವರ್ಷ ರಸ್ತೆದಾಗ ಮಲಗೇನ್ರಿ ಅಕ್ಕಾರ. ಪೊಲೀಸರು ಎಬ್ಬಿಸ್ಯಾರ, ಕುಡಕರು ಒದ್ದಾರ. ಕೈ ಯಾರೂ ಕಟ್ಟಿರಲಿಲ್ಲ" ಎಂದಳು. ಗಂಟಲು ಒಡೆದು ಹೋಗಿತ್ತು. "ನನ್ನ ಮನಸಿನ್ಯಾಗ ಏನೈತಿ ಅಂತ ಉಸ್ಮಾನಗ ಗೊತ್ತಿತ್ತು. ಅವನ್ನ ಯಾಕ ಕೇಳಲಿಲ್ಲ?"

"ಆಯಿ, ನೀನ ತಮ್ಮನ ಹೆಸರ ಹೇಳಿದ್ದೆಲ್ಲಾ?"

"ನೀವು ಕೇಳಿದ್ದು ನೀರ ಬಿಡೋರು ಯಾರು ಅಂತ. ನೀರ ಬಿಡೂದು ಒಡಹುಟ್ಟಿದಾವನ ಪಾಲಿಂದು. ಎಷ್ಟ ವರ್ಷ ಮಾತ ಬಿಟ್ಟಿದ್ರೂ ಆ ಪಾಲು ಹೋಗೂದಿಲ್ಲ. ನನಗ ಬಾಯಿ ಇಲ್ಲದಾಗ ನನ್ನ ಮಾತ ಯಾರ ಆಡಬೇಕು ಅಂತ ನೀವ ಕೇಳಿದ್ರೇನು?"

ಕೇಳಿರಲಿಲ್ಲ. ಓದಿದವಳು ಎಂಬ ಜಂಬದಲ್ಲಿ ನಾನು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಗಂಟಿಗೆ ಕಟ್ಟಿದ್ದೆ. ಅದರ ನೋವನ್ನು ಈ ಮುದುಕಿ ಹದಿನಾಲ್ಕು ದಿನ ಉಂಡಿದ್ದಳು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. "ಅಳೂದ ಆಮ್ಯಾಲ ಅಳ್ರಿ. ಮೊದಲ ಆ ಕಾಗದ ಹರದ ಒಗೀರಿ" ಎಂದಳು ಚಂದವ್ವ.

ಹರಿಯುವುದು ಸುಲಭವಿತ್ತು, ಹೊಸದು ಮಾಡುವುದು ಸುಲಭವಿರಲಿಲ್ಲ. ಇನ್ನೊಮ್ಮೆ ಉಸಿರು ಕೆಟ್ಟರೆ ಅವಳಿಗೆ ಹೇಳಲು ಸಮಯ ಸಿಗಲಿಕ್ಕಿಲ್ಲ ಎಂದು ಶ್ವೇತಾ ಡಾಕ್ಟರು ಅವಳ ಮುಂದೆಯೇ ಹೇಳಿದ್ದರು. ಈ ಸಲ ಇಬ್ಬರು ಸಾಕ್ಷಿದಾರರ ಎದುರು, ನೋಟರಿ ಮುಂದೆ, ಕಾನೂನಿನ ಪ್ರಕಾರವೇ ಕಾಗದ ಮಾಡಿಸೋಣ ಎಂದೂ ಅವರೇ ಹೇಳಿದರು. ಅಡ್ಡ ಬಂದವರು ಟ್ರಸ್ಟಿನ ಕಾರ್ಯದರ್ಶಿ ಕಮಲಾಕರ. ಕಾರವಾರದವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಹಾಲಿನಲ್ಲೂ ಕಲ್ಲು ಹುಡುಕುವ ಮನುಷ್ಯ.

"ಸ್ವಂತ ತಮ್ಮ ಇರುವಾಗ ಯಾರೋ ಹೊರಗಿನವರ ಹೆಸರು ಯಾಕೆ? ಅದರಲ್ಲೂ..." ಎಂದು ಅವರು ಅಲ್ಲಿಗೆ ನಿಲ್ಲಿಸಿದರು. ಅದರ ಮುಂದಿನ ಮಾತು ನನಗೂ ತಿಳಿಯಿತು, ಬಾಗಿಲ ಬಳಿ ನಿಂತಿದ್ದ ಉಸ್ಮಾನನಿಗೂ ತಿಳಿಯಿತು. "ನಾಳೆ ಗಲಾಟೆ ಆಗುವುದು ಬೇಡ. ಮೊದಲು ತಮ್ಮನ ಒಪ್ಪಿಗೆ ತನ್ನಿ" ಎಂದು ಮುಗಿಸಿದರು.

"ತಮ್ಮನ ಕಡೆ ನಾನ ಹೋಗತೇನಿ" ಎಂದಳು ಚಂದವ್ವ.

ದಸರೆಯ ಹಿಂದಿನ ವಾರ ಬೆಳಿಗ್ಗೆ ನಾನು, ಅವಳು ಸಡಾ ಬಸ್ಸು ಹತ್ತಿದೆವು. ರಿಕ್ಷಾ ಮಾಡೋಣ ಎಂದದ್ದಕ್ಕೆ ನನ್ನನ್ನು ದುರುಗುಟ್ಟಿ ನೋಡಿದಳು. ಬಸ್ಸಿಳಿದ ಮೇಲೆ ಗುಡ್ಡದ ಮೆಟ್ಟಿಲುಗಳಿದ್ದವು. ಎಂಟು ಮೆಟ್ಟಿಲು ಹತ್ತುವುದು, ಗೋಡೆ ಹಿಡಿದು ನಿಲ್ಲುವುದು, ಮತ್ತೆ ಎಂಟು. ಕೈ ಕೊಡಲು ಹೋದರೆ ತಳ್ಳಿಬಿಟ್ಟಳು. ಒಂದು ಮನೆಯ ಮುಂದೆ ನಿಂತು, ಉಸಿರು ಹಿಡಿಯುವವರೆಗೆ ತಡೆದು, "ಅಪ್ಪಾಸಾಬಾ!" ಎಂದು ಕೂಗಿದಳು. ಅವಳು ಈ ಹೊಸ್ತಿಲು ದಾಟಿ ಹೊರಬಿದ್ದು ಹದಿಮೂರು ವರ್ಷವಾಗಿತ್ತು.

ಅಪ್ಪಾಸಾಬ ಅರವತ್ತರ ಮನುಷ್ಯ. ಅಕ್ಕನನ್ನು ಕಂಡವನಿಗೆ ಕೂರಿಸುವುದೂ ನೆನಪಾಗಲಿಲ್ಲ. ಅವನ ಹೆಂಡತಿ ಒಳಗಿನಿಂದ ನೀರು ತಂದು ಮುಂದಿಟ್ಟು ಗೋಡೆಗೆ ಒರಗಿ ನಿಂತಳು. ಚಂದವ್ವ ಸುತ್ತುಬಳಸದೆ ವಿಷಯ ಹೇಳಿದಳು.

"ನಾ ಇನ್ನೂ ಜೀವಂತ ಅದೇನಿ ಅಕ್ಕಾ! ಮಂದಿ ಏನಂದಾರು? ಆ ಉಸ್ಮಾನ ನಿನಗ ಏನಾಗಬೇಕು?" ಎಂದ ಅಪ್ಪಾಸಾಬ.

"ಒಂಬತ್ತ ವರ್ಷ ನನ್ನ ನಿದ್ದಿ ಕಾದಾನ. ಏನಾಗಬೇಕು ಅನ್ನೂದಕ್ಕ ಹೆಸರ ನನಗೂ ಗೊತ್ತಿಲ್ಲ."

"ನಾ ನಿನ್ನ ಉಳಿಸೇನಿ. ಎಲ್ಲಾ ಮಾಡ್ರಿ ಅಂತ ಕೈ ಮುಗದ ಹೇಳೇನಿ."

"ಯಾಕ ಹೇಳಿದಿ ಅನ್ನೂದು ನನಗ ಗೊತ್ತೈತಿ" ಎಂದಳು ಚಂದವ್ವ. ದನಿ ಏರಿಸಲಿಲ್ಲ. "ಅವತ್ತ ನಾ ಈ ಕಟ್ಟಿ ಇಳಿಯೂ ಮುಂದ ನೀ ಸುಮ್ಮ ಕುಂತಿ. ಅದು ನಿನ್ನ ಒಳಗ ಕೊರೀತಿತ್ತು. ಅದಕ ದವಾಖಾನ್ಯಾಗ ಎಲ್ಲಾ ಮಾಡ್ರಿ ಅಂದಿ. ನಿನ್ನ ತಪ್ಪಿನ ದಂಡಾ ನನ್ನ ಗಂಟಲದಾಗ ಯಾಕ ಇಳಿಸಿದ್ಯೋ ತಮ್ಮಾ?"

ಅಪ್ಪಾಸಾಬ ಟವೆಲಿನಿಂದ ಮುಖ ಮುಚ್ಚಿಕೊಂಡ. ಅವನ ಹೆಂಡತಿ ಒಳಗೆ ಹೋದಳು. ನನಗೂ ಅಲ್ಲಿ ಕೂರುವುದು ಕಷ್ಟವಾಯಿತು. ಚೀಲದಲ್ಲಿದ್ದ ಒಪ್ಪಿಗೆ ಪತ್ರ ತೆಗೆದು ಅವನ ಮುಂದೆ ಇಡಲು ಹೋದೆ. ಚಂದವ್ವ ಅದನ್ನು ನನ್ನ ಕೈಯಿಂದ ಕಸಿದು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅವನ ಸೈ ಬ್ಯಾಡ್ರಿ. ನಾ ಹೇಳಾಕ ಬಂದೇನಿ, ಕೇಳಾಕ ಬಂದಿಲ್ಲ" ಎಂದು ಎದ್ದಳು. ಬಾಗಿಲ ತನಕ ಹೋದವಳು ತಿರುಗಿ ತಮ್ಮನ ತಲೆಯ ಮೇಲೆ ಕೈಯಿಟ್ಟಳು. "ನನ್ನ ಬಾಯಾಗ ನೀರ ನೀನ ಬಿಡು. ಅದು ನಿಂದ. ಕರದಾಗ ತಡಾ ಮಾಡಬ್ಯಾಡ."

ಸಂಜೆ ಕಮಲಾಕರ ಅವರು ಒಪ್ಪಿಗೆ ಎಲ್ಲಿ ಎಂದಾಗ ನಾನು ಬಾಯಿ ತೆಗೆದದ್ದು ಕೆಳಗಿನ ಅಂಗಡಿಗೂ ಕೇಳಿತಂತೆ. ಅವಳ ಉಸಿರು ಅವಳದು, ಅದಕ್ಕೆ ತಮ್ಮನ ಸಹಿ ಏಕೆ, ನಿಮ್ಮ ಉಸಿರಿಗೆ ಯಾರ ಸಹಿ ಇದೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮರುವಾರ ಸಾಕ್ಷಿದಾರರಲ್ಲಿ ಒಬ್ಬರಾಗಿ ಸಹಿ ಹಾಕಿದವರು ಅವರೇ. ಇನ್ನೊಬ್ಬರು ಶ್ವೇತಾ ಡಾಕ್ಟರು. ಪ್ರತಿಯೊಂದು ಸಾಲನ್ನೂ ಚಂದವ್ವ ತಾನೇ ಬಾಯಿಬಿಟ್ಟು ಹೇಳಿದಳು. ಗಂಟಲಿಗೆ ಪೈಪು ಬೇಡ. ಕೈ ಕಟ್ಟುವುದು ಬೇಡ. ನೋವಿಗೆ, ಉಬ್ಬಸಕ್ಕೆ ಔಷಧಿ ಇರಲಿ. ಸಾಯುವುದು ನನ್ನ ಖೋಲಿಯಲ್ಲಿ. ನನಗೆ ಮಾತು ನಿಂತರೆ ಉಸ್ಮಾನ ಹೇಳಿದ್ದೇ ನನ್ನ ಮಾತು. ನೋಟರಿ ಎರಡು ಸಲ ಕೇಳಿ, ಹೆಬ್ಬೆಟ್ಟು ತೆಗೆದುಕೊಂಡರು.

ಎಲ್ಲ ಮುಗಿಯಿತು ಎಂದುಕೊಂಡರೆ ಉಸ್ಮಾನ ಹಿಂಜರಿದ. "ಅಕ್ಕಾ, ಡಾಕ್ಟರು ಕೇಳಿದ್ರ ನಾ ಹೆಂಗ ಬ್ಯಾಡ ಅನ್ನಲಿ? ನನ್ನ ಬಾಯಿಂದ ಹೊರಡೂದಿಲ್ಲ" ಎಂದ. ಚಂದವ್ವ ಬಿಡಲಿಲ್ಲ. ದಿನಾ ಮಧ್ಯಾಹ್ನ ಚಹಾ ಆದ ಮೇಲೆ ಪಾಠ ಶುರುವಾಗುತ್ತಿತ್ತು. ತಾನು ಡಾಕ್ಟರಾಗಿ, ಕುತ್ತಿಗೆಗೆ ಟವೆಲು ಹಾಕಿಕೊಂಡು ಗತ್ತಿನಿಂದ "ಪೇಷಂಟಗ ಪೈಪ ಹಾಕೂಣೇನು?" ಎನ್ನುತ್ತಿದ್ದಳು. ಅವನು "ಬ್ಯಾ..." ಎನ್ನುವಷ್ಟರಲ್ಲಿ ಅಳು ಬರುತ್ತಿತ್ತು. "ನಿನ್ನ ಬಾಯಾಗ ಮಣ್ಣ ಹಾಕ! ಮೂಟಿ ಹೊತ್ತಾವ ಅದೀ, ಒಂದು ಮಾತ ಎತ್ತಾಕ ಆಗೂದಿಲ್ಲ? ಮತ್ತೊಮ್ಮೆ ಅನ್ನು" ಎಂದು ಗದರುತ್ತಿದ್ದಳು. ಅಡುಗೆಮನೆಯಲ್ಲಿದ್ದವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ. ದೀಪಾವಳಿ ಹೊತ್ತಿಗೆ ಅವನು ಅಳದೆ ಹೇಳಲು ಕಲಿತ.

ಶಿವರಾತ್ರಿಗೆ ನಾಲ್ಕು ದಿನ ಇತ್ತು. ಬೆಳಿಗ್ಗೆ ಪಾವ್ ಬ್ರೆಡ್ಡು ಮಾರುವ ಸೈಕಲ್ಲಿನವನು ಹಾರ್ನು ಹೊಡೆದು ಹೋದ ಮೇಲೂ ಚಂದವ್ವ ಹೊರಗೆ ಬರಲಿಲ್ಲ. ಉಸ್ಮಾನ ಕೂಗಿದ. ನಾನು ಆಪತ್ತಿಗೆಂದು ಇಟ್ಟಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದೆ. ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತುಟಿ ನೀಲಿಯಾಗಿತ್ತು, ಕತ್ತಿನ ನರಗಳು ಎದ್ದಿದ್ದವು, ಕಣ್ಣು ನಮ್ಮ ಮೇಲಿದ್ದರೂ ಮಾತಿರಲಿಲ್ಲ. ಶ್ವೇತಾ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಉಬ್ಬಸದ ಔಷಧಿ ನಾಲಿಗೆಯ ಕೆಳಗೆ ಬಿಡಲು ಹೇಳಿ, ತಕ್ಷಣ ಹೊರಟೆ ಎಂದರು. ಬಿಟ್ಟೆ. ಚಂದವ್ವನ ಗಂಟಲಿನಿಂದ ಒಂದು ಸದ್ದು ಹೊರಟಿತು.

ಆಗ ನನ್ನ ತಲೆ ಕೆಟ್ಟಿತು. ಕಾಗದ ಬರೆಸಿದವಳು ನಾನು, ಅದಕ್ಕಾಗಿ ಜಗಳವಾಡಿದವಳು ನಾನು. ಅದೆಲ್ಲ ಎಲ್ಲಿ ಹೋಯಿತೋ ಕಾಣೆ. ಇವಳು ಸಾಯುತ್ತಾಳೆ, ನನ್ನ ಕಣ್ಣೆದುರು ಸಾಯುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು. ಫೋನಿನಲ್ಲಿ ಆಂಬುಲೆನ್ಸಿನ ನೂರಾ ಎಂಟು ಒತ್ತಿದೆ. ಆ ಕಡೆಯಿಂದ ಯಾರೋ "ಹಲೋ" ಅಂದರು.

ಉಸ್ಮಾನ ನನ್ನ ಮಣಿಕಟ್ಟು ಹಿಡಿದ. ಎಂದೂ ನನ್ನ ಮುಂದೆ ತಲೆ ಎತ್ತಿ ನಿಂತವನಲ್ಲ. ಚಂದವ್ವ ಕಲಿಸಿದ್ದ ಒಂದು ಮಾತೂ ಅವನ ಬಾಯಿಗೆ ಬರಲಿಲ್ಲ. ಫೋನು ಕಿತ್ತುಕೊಂಡು ಆರಿಸಿದ.

"ಕುಂದರ್ರಿ ಅಕ್ಕಾರ" ಎಂದ.

"ಬಿಡು ಕಾಕಾ! ಹೋಗತಾಳ ಅಕೀ! ನೀ ಏನ್ ಕಲ್ಲ ಅದಿಯೇನು?" ಎಂದು ಕಿರುಚಿದೆ.

"ಹೋಗಲಿ. ಅಕಿನ್ನ ಕಟ್ಟಾಕ ನಾ ಬಿಡೂದಿಲ್ಲ." ಅವನ ಗಡ್ಡದ ಮೇಲೆಲ್ಲ ಕಣ್ಣೀರು ಸುರಿಯುತ್ತಿತ್ತು, ದನಿ ಮಾತ್ರ ನಡುಗಲಿಲ್ಲ. ನನ್ನ ಫೋನು ತಿರುಗಿ ಕೊಟ್ಟ. "ಮಾಡೂದಿದ್ರ ಸಡಾಕ್ಕ ಮಾಡ್ರಿ. ತಮ್ಮನ್ನ ಕರೀರಿ."

ಸಡಾಕ್ಕೆ ಮಾಡಿದೆ. ಶ್ವೇತಾ ಡಾಕ್ಟರು ಬಂದು ಔಷಧಿ ಹೆಚ್ಚಿಸಿದ ಮೇಲೆ ಉಸಿರಿನ ಆ ಸದ್ದು ತಗ್ಗಿತು. ಉಸ್ಮಾನ ಬೆನ್ನಿಗೆ ಆಸರೆಯಾಗಿ ಕೂತು ಅವಳ ಎರಡೂ ಕೈಗಳನ್ನು ತನ್ನ ಅಂಗೈಯಲ್ಲಿ ಸಡಿಲವಾಗಿ ಇಟ್ಟುಕೊಂಡಿದ್ದ. ಅಪ್ಪಾಸಾಬ ಚಪ್ಪಲಿಯಿಲ್ಲದೆ ಓಡಿಬಂದ. ಚಮಚದಲ್ಲಿ ನೀರು ಬಿಟ್ಟ, ಅವಳು ಒಂದು ಗುಟುಕು ನುಂಗಿದಳು. ಹನ್ನೊಂದೂವರೆಗೆ ಚಂದವ್ವ ತನ್ನ ಖೋಲಿಯಲ್ಲಿ ಹೋದಳು.

ಆ ಮೇಲಿನ ವಾರ ಉಳಿದ ಹತ್ತು ಕಾಗದಗಳನ್ನು ಹರಿದುಹಾಕಿ, ಒಬ್ಬೊಬ್ಬರ ಖೋಲಿಗೂ ಹೋಗಿ ಕೂತು ಮೊದಲಿನಿಂದ ಕೇಳತೊಡಗಿದೆ. ರೂಪಲಪ್ಪಜ್ಜ ಮಗನ ಹೆಸರು ತೆಗೆಸಿ ಪಕ್ಕದ ಖೋಲಿಯವನ ಹೆಸರು ಬರೆಸಿದ. ಕೊನೆಗೆ ಉಸ್ಮಾನನ ಖೋಲಿಗೆ ಹೋದೆ.

"ನಾ ಅವತ್ತ ಅಕ್ಕನ ಹೆಸರ ಬರಸಿದ್ದೆ. ಈಗ ಯಾರದು ಬರಸ್ಲಿ?" ಎಂದ.

"ನಂದು ಬರಸು ಕಾಕಾ. ನಾ ಇಲ್ಲೇನು?" ಎಂದೆ. ನನಗೆ ಅದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ.

ಅವನು ಕೈಯಲ್ಲಿದ್ದ ಕೊಡೆಯನ್ನು ಪಕ್ಕಕ್ಕಿಟ್ಟ. "ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ. ನೀವು ಭಾಳ ಚಲೋ ಮಂದಿ. ಆದ್ರ ನೀವು ಫೋನ್ ಮಾಡ್ತೀರಿ."

ಸಿಟ್ಟು ನೆತ್ತಿಗೇರಿತು. ಏಳು ವರ್ಷ ಈ ಮನೆಯವರಿಗೆಲ್ಲ ಸತ್ತಿದ್ದೇನೆ ಎಂದು ಕೂಗಬೇಕೆನಿಸಿತು. ಬಾಗಿಲು ಬಡಿದು ಹೊರಗೆ ಬಂದೆ, ಅಡುಗೆಮನೆಯಲ್ಲಿ ಸುಮ್ಮಸುಮ್ಮನೆ ಪಾತ್ರೆ ತಿಕ್ಕಿದೆ. ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಮಧ್ಯಾಹ್ನ ಕುರ್ಚಿ ಎತ್ತಿಕೊಂಡು ಹೋಗಿ ಅವನ ಎದುರು ಕೂತೆ.

"ಖರೇ ಐತಿ ಕಾಕಾ. ಈಗ ಹೇಳು, ನಿನಗ ಏನ ಬೇಕು, ಏನ ಬ್ಯಾಡ. ಪೆನ್ನ ತಂದಿಲ್ಲ. ಬರೀ ಕೇಳತೇನಿ" ಎಂದೆ.

ಅಂದಿನಿಂದ ದಿನಾ ಹೋಗುತ್ತೇನೆ. ಒಂದು ದಿನ ಹೇಳುತ್ತಾನೆ, ಒಂದು ದಿನ ಕೊಡೆಯ ಕಡ್ಡಿ ನೆಟ್ಟಗೆ ಮಾಡುತ್ತಾ ಕೂರುತ್ತಾನೆ. ನಿನ್ನೆಗೆ ಇಪ್ಪತ್ತಮೂರು ದಿನವಾಯಿತು. ಅವನ ಕಾಗದದಲ್ಲಿ ಆ ಜಾಗ ಇನ್ನೂ ಖಾಲಿಯಿದೆ. ಅಲ್ಲಿ ನನ್ನ ಹೆಸರು ಬರೆಸಬಹುದು ಎಂಬ ನಂಬಿಕೆ ಅವನಿಗೆ ಬರುವವರೆಗೆ ನಾನು ಹೋಗುವುದನ್ನು ಬಿಡುವವಳಲ್ಲ.